ಮೇಲಣ್ಣ ಕೊಟ್ಟ ಕರುಳಿನ ಚೂರು

ಟವರ್ ಕ್ರೇನ್ ನಡೆಸುವವನಿಗೆ ಹೊಟ್ಟೆ ಕೆಟ್ಟರೆ ಏನು ಗತಿ ಅಂತ ಯಾರೂ ಯೋಚನೆ ಮಾಡಿರುವುದಿಲ್ಲ. ರಸ್ತೆಯಲ್ಲಿ ಹೋಗುವವರು ತಲೆ ಎತ್ತಿದರೆ ಹಳದಿ ಬಣ್ಣದ ಉದ್ದನೆಯ ತೋಳು ಕಾಣುತ್ತದೆ, ಅದರ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಗಾಜಿನ ಕೋಣೆ ಕಾಣುತ್ತದೆ. ಆ ಕೋಣೆಗೆ ಹೋಗಲು ಕಂಬದ ಒಳಗಿನ ಏಣಿಯೊಂದೇ ದಾರಿ. ಹತ್ತಿ ಕೂತರೆ ಊಟದ ಹೊತ್ತಿನವರೆಗೂ ಒಂದು ಕುರ್ಚಿ, ಎರಡು ಹಿಡಿ, ಒಂದು ರೇಡಿಯೊ, ಇಷ್ಟೇ ಅವನ ಪ್ರಪಂಚ. ಮೂತ್ರಕ್ಕೆ ಬಾಟಲಿ ಇರುತ್ತದೆ. ಇನ್ನೊಂದಕ್ಕೆ ಏನೂ ಇರುವುದಿಲ್ಲ.

ಇಂಥ ಕ್ರೇನುಗಳಲ್ಲಿ ಅರ್ಧ ಆಯುಷ್ಯ ಕಳೆದವನನ್ನು ಸೈಟಿನವರು ಮೇಲಣ್ಣ ಅಂತ ಕರೆಯುತ್ತಿದ್ದರು. ‘ಮೇಲಿರೋ ಅಣ್ಣನ್ನ ಕೇಳು’ ಅಂತ ಶುರುವಾದದ್ದು ಸವೆದು ಸವೆದು ಮೇಲಣ್ಣ ಆಯಿತು. ಕಟ್ಟಡ ಮುಗಿದು ಬೇರೆ ಕಡೆ ಹೋದರೂ ಹೆಸರು ಅವನ ಜೊತೆಗೇ ಹೋಯಿತು. ತೆಳ್ಳಗಿನ ಆಳು, ಮಾತು ಕಡಿಮೆ, ಕೈ ಮಾತ್ರ ಬಹಳ ನಯ. ಟನ್ನುಗಟ್ಟಲೆ ಕಬ್ಬಿಣವನ್ನು ಮಗುವನ್ನು ಮಲಗಿಸಿದ ಹಾಗೆ ಕೆಳಗಿಡುತ್ತಿದ್ದ. ಅವನ ಹೆಂಡತಿ ವಾಹನಗಳ ಸೀಟಿಗೆ ಕವರು ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳ ತಮ್ಮ ಅದೇ ಸೈಟಿನಲ್ಲಿ ಕೆಳಗೆ ನಿಂತು ರೇಡಿಯೊದಲ್ಲಿ ‘ಎತ್ತು, ನಿಲ್ಲಿಸು, ಬಲಕ್ಕೆ, ನಿಧಾನ’ ಅನ್ನುವ ಸಿಗ್ನಲ್‌ಮನ್. ಮೇಲಿರುವ ಬಾವನಿಗೆ ಕೆಳಗಿನ ಬಾಮೈದನೇ ಕಣ್ಣು.

ಮೊದಲು ಮಲದಲ್ಲಿ ರಕ್ತ ಕಾಣಿಸಿದಾಗ ಮೇಲಣ್ಣನಿಗೆ ಮೂವತ್ತು ದಾಟಿತ್ತು. ಕೂತು ಕೂತು ಮೂಲವ್ಯಾಧಿ ಬಂದಿರಬೇಕು ಅಂದುಕೊಂಡು ಸುಮ್ಮನಾದ. ಇಂಥದ್ದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುವುದು? ಆದರೆ ಅದು ಮೂಲವ್ಯಾಧಿಯ ಹಾಗೆ ವರ್ತಿಸಲಿಲ್ಲ. ಹೊಟ್ಟೆ ಹಿಂಡಿತು ಅಂದರೆ ಮುಗಿಯಿತು, ತಡೆಯುವ ಮಾತೇ ಇಲ್ಲ. ಒಂದು ದಿನ ಕಬ್ಬಿಣದ ಸರಳಿನ ಕಟ್ಟೊಂದು ಗಾಳಿಯಲ್ಲಿ ತೂಗುತ್ತಿರುವಾಗಲೇ ಹಿಂಡಿತು. ತೂಗುವ ಭಾರವನ್ನು ಬಿಟ್ಟು ಏಳುವ ಹಾಗಿಲ್ಲ. ಕೆಳಗೆ ಜನ ಇದ್ದರು. ಹಲ್ಲು ಕಚ್ಚಿಕೊಂಡು ಕಟ್ಟನ್ನು ಅದರ ಜಾಗದಲ್ಲಿ ಇಳಿಸಿದ. ಕೊಕ್ಕೆ ಬಿಡಿಸಿದರು ಅಂತ ರೇಡಿಯೊದಲ್ಲಿ ಕೇಳಿದ ಮೇಲೆಯೇ ಹಿಡಿಯಿಂದ ಕೈ ತೆಗೆದ. ಅಷ್ಟು ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

“ಬಾವ, ಊಟಕ್ಕೆ ಬರಲ್ವಾ?” ರೇಡಿಯೊ ಕೇಳಿತು.

“ಹಸಿವಿಲ್ಲ.”

“ಏನಾಯ್ತು?”

“ಹಸಿವಿಲ್ಲ ಅಂದೆನಲ್ಲ.”

ಬಾಮೈದ ಮಾತಿನಲ್ಲಿ ದಡ್ಡನ ಹಾಗೆ ಕಂಡರೂ ದಡ್ಡನಲ್ಲ. ಎಲ್ಲರೂ ಊಟಕ್ಕೆ ಕೂತಾಗ ಎರಡು ಬಾಟಲಿ ನೀರು, ತನ್ನದೇ ಒಂದು ಪ್ಯಾಂಟು ಚೀಲಕ್ಕೆ ಹಾಕಿಕೊಂಡು ಏಣಿ ಹತ್ತಿದ. ಎತ್ತರ ಅಂದರೆ ಅವನಿಗೆ ಜೀವ ಹಾರುತ್ತಿತ್ತು. ಕ್ಯಾಬಿನ್ನಿನ ಹೊರಗೆ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡೇ ಕೂಗಿದ, “ಬಾವ, ಬಾಗಿಲು ತೆಗಿ.”

“ಬರಬೇಡ ಕಣೋ.”

“ಬಂದಾಯ್ತು. ಇನ್ನು ಇಳಿಯೋಕೂ ನೀನೇ ಸಹಾಯ ಮಾಡಬೇಕು. ಬೇಗ ತೆಗಿ.”

ಅಂದಿನಿಂದ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಗಾಳಿ ಒಂದು ಮಿತಿ ದಾಟಿದರೆ ಕ್ರೇನ್ ನಿಲ್ಲಿಸಬೇಕು ಅನ್ನುವುದು ನಿಯಮ. ಗಾಳಿ ಅಳೆಯುವ ಮೀಟರಿನ ಮುಳ್ಳು ಇರುವುದು ಕ್ಯಾಬಿನ್ನಿನಲ್ಲಿ. ಹಾಗಾಗಿ ಮೇಲಣ್ಣ “ಗಾಳಿ ಜಾಸ್ತಿ” ಅಂದರೆ ಅದಕ್ಕೆ ಅಪೀಲಿಲ್ಲ. ಅಂದ ತಕ್ಷಣ ಬಾಮೈದ ಕೆಲಸ ನಿಲ್ಲಿಸಿ, ಸೈಟಿನ ಮೂಲೆಯ ಪಾಯಿಖಾನೆಯ ಬಾಗಿಲಿಗೆ ಹೋಗಿ ಬೇರೆಯವರು ನುಗ್ಗದಂತೆ ಕಾವಲು ನಿಲ್ಲುತ್ತಿದ್ದ.

ಕೆಲವು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಸೈಟ್ ಎಂಜಿನಿಯರ್ ಅಂಗಳದ ನಡುವೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತ.

“ಇದ್ಯಾವ ಗಾಳಿಯಪ್ಪ? ಒಣಗೋಕೆ ಹಾಕಿರೋ ಬನಿಯನ್ ಕೂಡ ಅಲ್ಲಾಡ್ತಿಲ್ಲ!”

“ಮೇಲೆ ಬೇರೆ ಗಾಳಿ ಸಾರ್,” ಅಂದ ಬಾಮೈದ.

ಎಂಜಿನಿಯರ್ ಜಗಳಕ್ಕೆ ಹೋಗಲಿಲ್ಲ. ಪಾಯಿಖಾನೆಯ ಎದುರಿಗೆ ಸಿಮೆಂಟು ಚೀಲದ ಮೇಲೆ ಕೂತು ಕಾದ. ಮೇಲಣ್ಣ ಹೊರಗೆ ಬಂದಾಗ ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು.

“ಗಾಳಿ ಇಳೀತಾ?” ಅಂತ ಕೇಳಿದವನು, ಆ ಮುಖ ನೋಡಿ ದನಿ ಬದಲಿಸಿದ. “ಎಷ್ಟು ದಿನದಿಂದ ಹೀಗೆ?”

“ಕೆಲವು ವಾರ ಆಯ್ತು ಸಾರ್,” ಅಂದ ಮೇಲಣ್ಣ.

“ನೋಡಪ್ಪ, ನಿನ್ನ ಕೊಕ್ಕೆ ಕೆಳಗೆ ದಿನಾ ಜನ ಓಡಾಡ್ತಾರೆ. ನಾನೂ ಓಡಾಡ್ತೀನಿ. ನೀನು ತಲೆ ಸುತ್ತಿ ಬಿದ್ದರೆ ನೀನೊಬ್ಬನೇ ಬೀಳಲ್ಲ. ಡಾಕ್ಟರ್ ಚೀಟಿ ತರೋವರೆಗೂ ನೀನು ಸ್ಟೋರಿನಲ್ಲಿರು.”

ಬೈಯದೆ ಹೇಳಿದ್ದರಿಂದ ಮಾತು ಇನ್ನೂ ಜೋರಾಗಿ ನಾಟಿತು. ಅಂದು ಸಂಜೆ ಬಾಮೈದ ಬಾಯಿ ತಡೆಯಲಾರದೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟ. ಮೇಲಣ್ಣನ ಹೆಂಡತಿ ಅಷ್ಟು ದಿನ ಗಂಡನಿಗೆ ಬೆನ್ನುನೋವು ಅಂತ ನಂಬಿಕೊಂಡು ಕ್ರೇನಿನ ಕುರ್ಚಿಗೆ ದಪ್ಪನೆಯ ಸ್ಪಂಜಿನ ಕವರು ಹೊಲಿದು ಕಳಿಸಿದ್ದವಳು.

“ನಿಮ್ಮ ಹೊಟ್ಟೆ ವಿಷಯ ನನ್ನ ತಮ್ಮನಿಗೆ ಗೊತ್ತು, ಎಂಜಿನಿಯರಿಗೆ ಗೊತ್ತು, ಆ ಕ್ರೇನಿಗೂ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ!” ಅಂದಳು. ಮರುದಿನ ಅಂಗಡಿಗೆ ರಜೆ ಹೇಳಿ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿನ ಹೊಟ್ಟೆ ಡಾಕ್ಟರು ಗುದದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿ ಕಾಯಿಲೆಗೆ ಅಲ್ಸರೇಟಿವ್ ಕೊಲೈಟಿಸ್ ಅಂತ ಹೆಸರು ಹೇಳಿದರು. ದೊಡ್ಡ ಕರುಳಿನ ಒಳಗೋಡೆಗೆ ಉರಿಯೂತ ಹತ್ತಿಕೊಂಡು ಹುಣ್ಣಾಗುವ ರೋಗ. ಯಾಕೆ ಬರುತ್ತದೆ ಅಂತ ಖಚಿತವಾಗಿ ಹೇಳಲಾಗುವುದಿಲ್ಲ, ಪೂರ್ತಿ ಹೋಗುತ್ತದೆ ಅಂತಲೂ ಹೇಳಲಾಗುವುದಿಲ್ಲ, ಆದರೆ ಔಷಧಿಯಿಂದ ಹತೋಟಿಗೆ ಬರುತ್ತದೆ ಅಂದರು. ಬಂತು ಕೂಡ. ಮಾತ್ರೆ ಹಿಡಿಸಲು ಕೆಲವು ತಿಂಗಳು ಬೇಕಾಯಿತು. ಆಮೇಲೆ ಮೇಲಣ್ಣ ಡಾಕ್ಟರ ಚೀಟಿ ಹಿಡಿದು ಮತ್ತೆ ಏಣಿ ಹತ್ತಿದ. ವರ್ಷಕ್ಕೊಂದು ಸಲವೋ ಎರಡು ಸಲವೋ ಹೊಟ್ಟೆ ಕೆಣಕುತ್ತಿತ್ತು. ಆಗ ಮುಚ್ಚುಮರೆ ಇಲ್ಲದೆ ಹೇಳಿ ಇಳಿದು ಬರುತ್ತಿದ್ದ, ಮೇಲೆ ಕೂರಲು ಇನ್ನೊಬ್ಬನನ್ನು ಕಳಿಸುತ್ತಿದ್ದರು.

ಹೀಗೆ ಹತ್ತು ವರ್ಷ ಹೋಯಿತು. ಆಗ ಡಾಕ್ಟರು ಇನ್ನೊಂದು ವಿಷಯ ತೆಗೆದರು. ಈ ಕಾಯಿಲೆ ಬಹಳ ವರ್ಷ ಇದ್ದವರಿಗೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಅದಕ್ಕೇ ಇನ್ನು ಮೇಲೆ ವರ್ಷಕ್ಕೊಮ್ಮೆ ಕೊಳವೆ ಹಾಕಿ ನೋಡಬೇಕು. ಮೇಲಣ್ಣ ಸರಿ ಅಂದ. ಕೊಳವೆಗಿಂತ ಅದರ ಹಿಂದಿನ ದಿನ ಕರುಳು ತೊಳೆಯಲು ಕುಡಿಯುವ ಉಪ್ಪುಪ್ಪು ನೀರೇ ಅವನಿಗೆ ದೊಡ್ಡ ಶಿಕ್ಷೆಯಾಗಿತ್ತು.

ಎರಡನೆಯ ವರ್ಷ ಹೋದಾಗ ಕಾಯುವ ಕೋಣೆಯಲ್ಲಿ ಒಬ್ಬಳು ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಬಿಳಿ ಕೋಟು, ಕೈತುಂಬ ಕಾಗದ.

“ಸರ್, ನಾನು ಮೇಲಿನ ಮಹಡಿ ಲ್ಯಾಬಿನಲ್ಲಿ ಸಂಶೋಧನೆ ಮಾಡ್ತಿದ್ದೀನಿ. ಡಾಕ್ಟರು ಹೇಗೂ ನಿಮ್ಮ ಕರುಳಿನಿಂದ ಪರೀಕ್ಷೆಗೆ ಚೂರು ತೆಗೀತಾರೆ. ನೀವು ಒಪ್ಪಿದರೆ ನಮಗೂ ಒಂದು ಚೂರು, ಅಕ್ಕಿಕಾಳಿಗಿಂತ ಚಿಕ್ಕದು. ಅದರಲ್ಲಿರೋ ಕೊಬ್ಬನ್ನ ನೋಡ್ತೀವಿ.”

“ನನ್ನ ಕೊಬ್ಬನ್ನಾ? ನನಗೆ ಕೊಬ್ಬು ಜಾಸ್ತಿ ಅಂತ ನಮ್ಮನೆಯವಳು ಯಾವ ಯಂತ್ರವೂ ಇಲ್ಲದೆ ಹೇಳ್ತಾಳಲ್ಲ,” ಅಂದ ಮೇಲಣ್ಣ.

ಪಕ್ಕದಲ್ಲೇ ಕೂತಿದ್ದ ಹೆಂಡತಿ, “ಮೇಡಂ, ನೋಡೋದಲ್ಲ, ಸಾಧ್ಯವಾದರೆ ಸ್ವಲ್ಪ ಇಳಿಸಿಕೊಡಿ,” ಅಂದಳು. ಹುಡುಗಿ ಕಾಗದದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದಿನಿಂದ ಆ ಮನೆಯಲ್ಲಿ ಅವಳಿಗೆ ‘ಕೊಬ್ಬಿನ ಡಾಕ್ಟರು’ ಅಂತಲೇ ಹೆಸರು. ನಾನಿನ್ನೂ ಡಾಕ್ಟರಾಗಿಲ್ಲ ಅಂತ ಅವಳು ಎಷ್ಟು ಹೇಳಿದರೂ ಕೇಳಲಿಲ್ಲ.

ಕಾಯುವ ಹೊತ್ತು ಬಹಳ ಇತ್ತು. ಮೇಲಣ್ಣ ಸಹಿ ಹಾಕುವ ಮೊದಲು ಕೇಳಿದ, “ಕರುಳಿನಲ್ಲಿ ಕೊಬ್ಬು ಎಲ್ಲಿಂದ ಬಂತಮ್ಮ? ನಾನು ಎಣ್ಣೆ ಜಿಡ್ಡು ಬಿಟ್ಟು ವರ್ಷಗಳಾದವು.”

“ತಿನ್ನೋ ಕೊಬ್ಬಲ್ಲ ಸರ್. ನಮ್ಮ ಮೈ ಜೀವಕೋಶಗಳಿಂದ ಆಗಿದೆ ಅಲ್ವಾ, ಪ್ರತಿ ಕೋಶದ ಸುತ್ತ ಒಂದು ಪೊರೆ ಇದೆ. ಆ ಪೊರೆ ಆಗಿರೋದೇ ಕೊಬ್ಬಿನಿಂದ. ಎರಡು ಪದರ, ಕಣ್ಣಿಗೆ ಕಾಣದಷ್ಟು ತೆಳು. ಅದರಲ್ಲಿ ಒಂದೇ ಜಾತಿ ಕೊಬ್ಬಿಲ್ಲ, ನೂರಾರು ಜಾತಿ. ಯಾವುದು ಎಷ್ಟಿದೆ ಅನ್ನೋದರ ಮೇಲೆ ಕೋಶದ ಒಳಗೆ ಏನು ಹೋಗಬೇಕು, ಹೊರಗಿನಿಂದ ಯಾವ ಸುದ್ದಿ ತಲುಪಬೇಕು ಅನ್ನೋದು ಎಷ್ಟೋ ಮಟ್ಟಿಗೆ ನಿಂತಿದೆ.”

“ನನ್ನ ಕಾಯಿಲೆಗೂ ಅದಕ್ಕೂ?”

“ನಿಮ್ಮ ಕಾಯಿಲೆ ಇರೋರ ಕರುಳಿನಲ್ಲಿ ಈ ಕೊಬ್ಬುಗಳ ಲೆಕ್ಕ ಬದಲಾಗಿರುತ್ತೆ. ಗೋಡೆ ಮೇಲಿನ ಲೋಳೆಯಲ್ಲೂ ಒಂದು ಜಾತಿ ಕೊಬ್ಬಿರುತ್ತೆ, ಅದು ಕ್ರಿಮಿಗಳನ್ನ ದೂರ ಇಡುತ್ತೆ. ನಿಮ್ಮಂಥವರಲ್ಲಿ ಅದು ಕಡಿಮೆ ಅಂತ ಕೆಲವರು ಕಂಡಿದ್ದಾರೆ. ಇನ್ನು ಕ್ಯಾನ್ಸರ್ ಕೋಶಗಳು ಬೇಗ ಬೇಗ ಎರಡಾಗಬೇಕು, ಹೊಸ ಪೊರೆ ಕಟ್ಟಬೇಕು. ಹಾಗಾಗಿ ಅವುಗಳ ಕೊಬ್ಬಿನ ವ್ಯವಹಾರವೇ ಬೇರೆ. ಕಣ್ಣಿಗೆ ಗಂಟು ಕಾಣೋದಕ್ಕೆ ಮುಂಚೆ ಈ ಬದಲಾವಣೆ ಸಿಗುತ್ತಾ ಅಂತ ನಾನು ಹುಡುಕ್ತಿರೋದು.”

ಮೇಲಣ್ಣನಿಗೆ ಸೈಟಿನ ಗುಂಡಿ ನೀರಿನ ಮೇಲೆ ಹರಡಿಕೊಳ್ಳುವ ಡೀಸೆಲ್ಲಿನ ಬಣ್ಣದ ಪದರ ನೆನಪಾಯಿತು. “ಅಂಥದ್ದಾ?” ಅಂತ ಕೇಳಿದ. “ಹೆಚ್ಚುಕಡಿಮೆ,” ಅಂದಳು. ಸಹಿ ಹಾಕಿದ. ಚೂರು ತೆಗೆದದ್ದು ಅವನಿಗೆ ಗೊತ್ತೂ ಆಗಲಿಲ್ಲ. ಮರುವರ್ಷವೂ ಕೊಟ್ಟ. ಪ್ರತಿ ಸಲವೂ ಡಾಕ್ಟರು ಕರುಳು ಚೆನ್ನಾಗಿದೆ ಅಂದರು, ಗಂಡ ಹೆಂಡತಿ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಮನೆಗೆ ಹೋದರು.

ಅದಾದ ಕೆಲವು ತಿಂಗಳಿಗೆ ಡಾಕ್ಟರ ಕೋಣೆಯಿಂದ ಫೋನು ಬಂತು. ಬರಬೇಕಾದ ದಿನಕ್ಕೆ ಇನ್ನೂ ಬಹಳ ಸಮಯವಿತ್ತು. ಹೋದರೆ ಡಾಕ್ಟರ ಜೊತೆ ಆ ಹುಡುಗಿಯೂ ಕೂತಿದ್ದಳು, ಗೋಡೆ ನೋಡುತ್ತ.

“ನಾನು ಹೇಳೋದನ್ನ ಸರಿಯಾಗಿ ಕೇಳಿಸಿಕೊಳ್ಳಿ,” ಅಂದರು ಡಾಕ್ಟರು. “ನಿಮ್ಮ ಕರುಳಿನ ಚೂರನ್ನ ನಮ್ಮವರು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ, ಏನೂ ಇಲ್ಲ. ಲ್ಯಾಬಿಗೆ ಹೋದ ಚೂರಿನಲ್ಲಿ ಮಾತ್ರ ಕೊಬ್ಬಿನ ಲೆಕ್ಕ ಕ್ಯಾನ್ಸರ್ ಆದವರ ಗುಂಪಿನ ಜೊತೆ ಕೂತಿದೆ. ಇದು ಪರೀಕ್ಷೆಯಲ್ಲ, ಸಂಶೋಧನೆ. ಇದನ್ನ ನಂಬಿ ಯಾರಿಗೂ ಏನೂ ಹೇಳೋ ಹಾಗಿಲ್ಲ. ಅಲ್ಲಿ ಚೂರಿಗೆ ನಂಬರ್ ಮಾತ್ರ ಇರುತ್ತೆ, ಅದು ನೀವು ಅಂತ ಇವಳಿಗೂ ಗೊತ್ತಿರಲಿಲ್ಲ. ಸಂಶೋಧನೆಗೆ ಅನುಮತಿ ಕೊಡೋ ಸಮಿತಿಯವರನ್ನ ಕೇಳಿ, ಅವರು ಒಪ್ಪಿದ ಮೇಲೆ ನಿಮ್ಮನ್ನ ಕರೆಸಿದ್ದೀನಿ. ಏನೂ ಇಲ್ಲದಿರೋ ಸಾಧ್ಯತೆಯೇ ಹೆಚ್ಚು. ಆದರೂ ಮುಂದಿನ ವರ್ಷದ ತನಕ ಕಾಯದೆ ಈಗಲೇ ಒಂದು ಸಲ ನೋಡಿಬಿಡೋಣ ಅನ್ನಿಸ್ತಿದೆ. ಬೇಡ ಅಂದರೂ ತಪ್ಪಿಲ್ಲ.”

ಬೇಡ ಅನ್ನಲು ಯಾರಿಗೆ ಧೈರ್ಯ ಬರುತ್ತದೆ? ಮೇಲಣ್ಣ ತಲೆಯಾಡಿಸಿದ. ಹೊರಗೆ ಬಂದ ಮೇಲೆ ಹುಡುಗಿ ಹಿಂದೆಯೇ ಬಂದು, “ಸರ್, ನಾನು ಹೇಳದೇ ಇರಬೇಕಿತ್ತೋ ಏನೋ,” ಅಂದಳು. ಅವನು “ಬಿಡಮ್ಮ,” ಅಂದು ಹೋದ.

ಆ ವಾರ ಅವನು ಕೆಲಸ ತಪ್ಪಿಸಲಿಲ್ಲ. ಗಾಜಿನ ಹಲಗೆಗಳನ್ನು ಎತ್ತುವ ಕೆಲಸ ನಡೆಯುತ್ತಿತ್ತು, ಅದಕ್ಕೆ ಅವನೇ ಬೇಕು. ಒಳಗೆ ಇಷ್ಟೆಲ್ಲ ಕುದಿಯುತ್ತಿದ್ದರೂ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅದನ್ನು ನೋಡಿ ಅವನಿಗೇ ಆಶ್ಚರ್ಯ. ಮನೆಯಲ್ಲಿ ಮಾತ್ರ ಸಣ್ಣದಕ್ಕೂ ರೇಗುತ್ತಿದ್ದ. ಕರುಳು ತೊಳೆಯುವ ನೀರಿನ ಜಗ್ಗು ಎದುರಿಗೆ ಬಂದ ದಿನ ಎರಡು ಲೋಟ ಕುಡಿದು ನಿಲ್ಲಿಸಿಬಿಟ್ಟ.

“ಒಂದು ವೇಳೆ ನಾನು ಸತ್ತರೆ...” ಅಂತ ಶುರು ಮಾಡಿದ.

ಹೆಂಡತಿ ಟೇಬಲ್ಲಿನ ಆಚೆ ಕೂತು ಅಂಗಡಿಯಿಂದ ತಂದ ಕವರಿನ ಹೊಲಿಗೆ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. “ಮೊದಲು ಆ ಜಗ್ಗು ಖಾಲಿ ಮಾಡಿ. ಸಾಯೋ ವಿಷಯ ಆಮೇಲೆ ಮಾತಾಡೋಣ.”

“ನಿನಗೆ ತಮಾಷೆ.”

“ತಮಾಷೆ ಅಲ್ಲ ರೀ. ಈ ಕವರನ್ನ ಬೆಳಗಿನಿಂದ ಮೂರು ಸಲ ತಪ್ಪು ಹೊಲಿದಿದ್ದೀನಿ,” ಅಂದಳು. ಆಗ ಮೇಲಣ್ಣ ಮೂರನೆಯ ಲೋಟ ಎತ್ತಿಕೊಂಡ.

ಈ ಸಲ ಪರೀಕ್ಷೆ ಬೇರೆ ಥರ ನಡೆಯಿತು. ಡಾಕ್ಟರು ಕೊಳವೆಯೊಳಗಿಂದ ನೀಲಿ ಬಣ್ಣದ ದ್ರವ ಚಿಮುಕಿಸುತ್ತ ಹೋದರು. ಗೋಡೆಯ ಮೇಲೆ ಚಪ್ಪಟೆಯಾಗಿ ಏನಾದರೂ ಇದ್ದರೆ ಬಣ್ಣದಲ್ಲಿ ಎದ್ದು ಕಾಣುತ್ತದೆಯಂತೆ. ಅದಕ್ಕೆ ಹೊತ್ತು ಹಿಡಿಯುವುದರಿಂದ ಅಲ್ಲಿ ಪ್ರತಿ ವರ್ಷದ ಪರೀಕ್ಷೆಯಲ್ಲಿ ಮಾಡುತ್ತಿರಲಿಲ್ಲ. ಅರೆಮಂಪರಿನಲ್ಲಿದ್ದ ಮೇಲಣ್ಣ ಪರದೆಯನ್ನೇ ನೋಡುತ್ತಿದ್ದ. ಲ್ಯಾಬಿಗೆ ಹೋದ ಚೂರು ತೆಗೆದಿದ್ದ ಜಾಗ, ಕರುಳಿನ ಕೆಳಭಾಗ, ನುಣ್ಣಗೆ ಚೊಕ್ಕಟವಾಗಿತ್ತು. ಡಾಕ್ಟರು ಉಸಿರು ಬಿಟ್ಟದ್ದು ಕೇಳಿಸಿತು. ಕೊಳವೆ ಒಳಗೆ ಹೋಗುತ್ತಲೇ ಇತ್ತು. ದೊಡ್ಡ ಕರುಳು ಶುರುವಾಗುವ ಆ ತುದಿಗೆ ಮುಟ್ಟುವ ಹೊತ್ತಿಗೆ ಡಾಕ್ಟರು ನರ್ಸನ್ನು ಹತ್ತಿರ ಕರೆದರು. ನೀಲಿಯ ನಡುವೆ ಉಗುರಿನಷ್ಟು ಅಗಲದ ಒಂದು ಮಚ್ಚೆ, ಅಂಚು ಮಾತ್ರ ತುಸು ಎದ್ದದ್ದು.

ಇನ್ನೊಂದು ದಿನ ಮೇಲಣ್ಣನನ್ನು ಕರೆಸಿ, ಕೊಳವೆಯೊಳಗಿಂದಲೇ ಮಚ್ಚೆಯ ಅಡಿಯಲ್ಲಿ ದ್ರವ ತುಂಬಿ ಮೇಲೆತ್ತಿ, ತಂತಿಯ ಕುಣಿಕೆ ಹಾಕಿ ಅದನ್ನು ತೆಗೆದರು. ವರದಿ ಬರುವ ತನಕ ಮನೆಯಲ್ಲಿ ರೇಡಿಯೊ ಕೂಡ ಹಾಕಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ. ಆದರೆ ಆ ಮಚ್ಚೆಯ ಕೋಶಗಳು ಆ ದಾರಿ ಹಿಡಿದಿದ್ದವು. ಮಚ್ಚೆ ಅಂಚಿನ ಸಮೇತ ಪೂರ್ತಿ ಹೊರಗೆ ಬಂದಿದೆ, ಕರುಳು ತೆಗೆಯಬೇಕಾಗಿಲ್ಲ, ಇನ್ನು ಕೆಲವು ತಿಂಗಳಿಗೊಮ್ಮೆ ನೋಡುತ್ತಿರಬೇಕು ಅಂದರು ಡಾಕ್ಟರು. ಬಾಮೈದ ಆಸ್ಪತ್ರೆಯ ಕಾರಿಡಾರಿನಲ್ಲೇ ಬಾವನನ್ನು ಅಪ್ಪಿಕೊಂಡು ಅತ್ತ. ನರ್ಸು ಯಾರೋ ಹೋಗಿಬಿಟ್ಟರು ಅಂದುಕೊಂಡು ಸಮಾಧಾನ ಮಾಡಲು ಓಡಿ ಬಂದಳು.

ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕೊಬ್ಬಿನ ಡಾಕ್ಟರು ಜೀವ ಉಳಿಸಿದಳು. ಹೆಂಡತಿ ಒಳ್ಳೆಯ ನೀಲಿ ರೆಕ್ಸಿನ್ ಆರಿಸಿ ಲ್ಯಾಬಿನ ಸ್ಟೂಲಿಗೆ ಅಂತ ದುಂಡನೆಯ ಮೆತ್ತೆ ಹೊಲಿದಳು. ಅದನ್ನು ಹಿಡಿದುಕೊಂಡು ಇಬ್ಬರೂ ಮೇಲಿನ ಮಹಡಿಗೆ ಹೋದರು. ಉದ್ದನೆಯ ಕೋಣೆ, ಗುಂಯ್ ಅನ್ನುವ ಯಂತ್ರ, ತೊಳೆದು ಬೋರಲು ಹಾಕಿದ ಗಾಜಿನ ಸೀಸೆಗಳು. ಹುಡುಗಿ ಮೆತ್ತೆ ತೆಗೆದುಕೊಂಡಳು, ಥ್ಯಾಂಕ್ಸ್ ಅಂದಳು, ಆದರೆ ಮುಖದಲ್ಲಿ ಕಳೆ ಇರಲಿಲ್ಲ.

“ಕೂತ್ಕೊಳ್ಳಿ ಸರ್. ನಾನೇ ನಿಮ್ಮನ್ನ ಹುಡುಕಿಕೊಂಡು ಬರಬೇಕು ಅಂತಿದ್ದೆ. ನಿಮ್ಮ ಜೀವ ನಾನು ಉಳಿಸಿಲ್ಲ.”

“ಏನಮ್ಮ ಹೀಗಂತೀಯ?”

“ಮಚ್ಚೆ ಸಿಕ್ಕಿದ್ದು ಒಂದು ತುದಿಯಲ್ಲಿ, ನನಗೆ ಚೂರು ಬಂದಿದ್ದು ಇನ್ನೊಂದು ತುದಿಯಿಂದ. ಅದೇ ಜಾಗದಿಂದ ಈ ಸಲ ಮತ್ತೆ ಚೂರು ತೆಗೆದಿದ್ದರು. ಅದರಲ್ಲಿ ಏನೂ ಇಲ್ಲ, ಎಲ್ಲರ ಹಾಗೇ ಇದೆ. ಹಾಗಾದರೆ ಹೋದ ಸಲ ಯಾಕೆ ಹಾಗೆ ಬಂತು ಅಂತ ತಲೆ ಕೆಡಿಸಿಕೊಂಡು ನೋಡಿದೆ. ಅವತ್ತು ಬೆಳಗ್ಗೆ ಬಂದ ಬೇರೆ ಇಬ್ಬರ ಚೂರುಗಳೂ ಅದೇ ಗುಂಪಿನ ಕಡೆ ವಾಲಿದ್ದವು, ನಿಮ್ಮಷ್ಟು ದೂರ ಹೋಗಿರಲಿಲ್ಲ ಅಷ್ಟೆ. ಆಗ ಡಬ್ಬಿ ತರೋರನ್ನ ಹೋಗಿ ಕೇಳಿದೆ.”

ಡಬ್ಬಿ ತರುವವರು ಅಂದರೆ ಕೆಳಗಿನ ಪರೀಕ್ಷಾ ಕೋಣೆಯಿಂದ ಚೂರುಗಳನ್ನು ಮೇಲಕ್ಕೆ ತರುವ ಆಸ್ಪತ್ರೆಯ ಹಳಬ ನೌಕರ. ಅವತ್ತು ಲಿಫ್ಟು ನಡುವೆ ನಿಂತುಹೋಗಿತ್ತಂತೆ. ಡಬ್ಬಿ ಹಿಡಿದುಕೊಂಡು ಅವನು ಅದರೊಳಗೇ ಬಹಳ ಹೊತ್ತು ಸಿಕ್ಕಿಕೊಂಡಿದ್ದ. ಡಬ್ಬಿಯಲ್ಲಿ ಚೂರುಗಳನ್ನು ತಣ್ಣಗಿಡಲು ಹಾಕಿದ್ದ ಮಂಜುಗಡ್ಡೆ ಕರಗಿತ್ತು. ಹೊರಗೆ ಬಂದ ಮೇಲೆ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಹೋದ. ಯಾಕೆ ಹೇಳಲಿಲ್ಲ ಅಂದರೆ, ಯಾರೂ ಕೇಳಲಿಲ್ಲವಲ್ಲ ಅಂದನಂತೆ. ಸುಳ್ಳೇನಲ್ಲ.

“ಮೈಯಿಂದ ಬೇರೆಯಾದ ಚೂರು ಬೆಚ್ಚಗೆ ಕೂತರೆ ಅದರ ಪೊರೆಯ ಕೊಬ್ಬು ತಾನಾಗೇ ಮುರಿಯೋಕೆ ಶುರುವಾಗುತ್ತೆ,” ಅಂದಳು ಹುಡುಗಿ. “ನಾನು ಕ್ಯಾನ್ಸರ್ ಗುರುತು ಅಂದುಕೊಂಡಿದ್ದು ಅದನ್ನ.”

ಮೇಲಣ್ಣನಿಗೆ ನಗು ತಡೆಯಲಾಗಲಿಲ್ಲ. “ಅಂದರೆ ಲಿಫ್ಟು ಕೆಟ್ಟಿದ್ದಕ್ಕೆ ನಾನು ಬದುಕಿದೆ ಅನ್ನು.”

“ಒಂದು ಲೆಕ್ಕದಲ್ಲಿ ಹೌದು ಸರ್.”

“ಸರಿ, ಈಗ ನಿನಗೇನು ಕಷ್ಟ? ಹೇಗೋ ಒಳ್ಳೇದೇ ಆಯ್ತಲ್ಲ. ಹೀಗೀಗೆ ಕೊಬ್ಬು ನೋಡಿ ಹೇಳಿದ್ವಿ, ಒಳಗೆ ಮಚ್ಚೆ ಇತ್ತು ಅಂತ ಬರ್ಕೊ. ನಾನು ಎಲ್ಲಿ ಬೇಕಾದರೂ ಬಂದು ಸಾಕ್ಷಿ ಹೇಳ್ತೀನಿ.”

“ನಮ್ಮ ಪ್ರೊಫೆಸರೂ ಮೊದಲು ಖುಷಿಯಾದರು. ಇಂಥ ಒಂದು ಕೇಸ್ ಇದ್ದರೆ ಎಲ್ಲರೂ ತಿರುಗಿ ನೋಡ್ತಾರೆ ಅಂದರು. ಲಿಫ್ಟಿನ ವಿಷಯ ಹೇಳಿದ ಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಅವರೇ ಬಂದು, ಹೌದು, ಇದನ್ನ ಬರೆಯೋದು ಬೇಡ ಅಂದರು.” ಅವಳು ಮೆತ್ತೆಯ ಅಂಚಿನ ಹೊಲಿಗೆ ಸವರುತ್ತ ಕೂತಳು. “ಇನ್ನೂ ಕೆಟ್ಟ ವಿಷಯ ಇದೆ. ನನ್ನ ಕ್ಯಾನ್ಸರ್ ಚೂರುಗಳೆಲ್ಲ ಆಪರೇಷನ್ ಆದವರದ್ದು. ಅಲ್ಲಿ ಕರುಳು ಹೊರಗೆ ಬಂದು, ಕತ್ತರಿಸಿ, ನನ್ನ ಕೈಗೆ ಬರೋ ಹೊತ್ತಿಗೆ ತಡವಾಗೇ ಆಗುತ್ತೆ. ಚೆನ್ನಾಗಿರೋರ ಚೂರು ತಕ್ಷಣ ಮಂಜಿಗೆ ಹೋಗುತ್ತೆ. ನಾನು ಇಷ್ಟು ವರ್ಷ ಕ್ಯಾನ್ಸರಿಗೂ ಚೆನ್ನಾಗಿರೋದಕ್ಕೂ ಇರೋ ವ್ಯತ್ಯಾಸ ಅಂದುಕೊಂಡಿದ್ದು ಬೇಗ ಮಂಜಿಗೆ ಹೋಗಿದ್ದಕ್ಕೂ ತಡವಾಗಿದ್ದಕ್ಕೂ ಇರೋ ವ್ಯತ್ಯಾಸ ಇರಬಹುದು.”

ಮೇಲಣ್ಣನ ಹೆಂಡತಿಗೆ ಕೊಬ್ಬಿನ ವಿಷಯ ಅಷ್ಟಾಗಿ ಹೊಳೆಯದಿದ್ದರೂ, ಹೊಲಿದದ್ದನ್ನೆಲ್ಲ ಬಿಚ್ಚಬೇಕಾಗಿ ಬಂದವಳ ಮುಖ ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು.

“ಊಟ ಮಾಡಿದ್ಯಾ ತಾಯಿ?” ಅಂತ ಕೇಳಿದಳು.

ಇಲ್ಲ ಅಂತ ತಲೆಯಾಡಿಸಿದಳು ಹುಡುಗಿ. ಮೂವರೂ ಮೆಟ್ಟಿಲಿಳಿದು ಕೆಳಗಿನ ಕ್ಯಾಂಟೀನಿಗೆ ಹೋದರು. ಅಲ್ಲಿ ಸಂಶೋಧನೆಯ ಮಾತು ಯಾರೂ ತೆಗೆಯಲಿಲ್ಲ. ಬಾಮೈದ ಕ್ರೇನ್ ಹತ್ತಿದ ದಿನದ ಕಥೆಯನ್ನು ಮೇಲಣ್ಣ ಮೊದಲ ಸಲ ಹೊರಗಿನವರೊಬ್ಬರಿಗೆ ಹೇಳಿದ, ಪ್ಯಾಂಟಿನ ಸಮೇತ. ಹುಡುಗಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ನಗುವಿನದೋ ಬೇರೆಯದೋ, ಅವರು ಕೇಳಲಿಲ್ಲ.

ಮುಂದೆ ಅವಳು ಕೆಲಸವನ್ನು ಮೊದಲಿಂದ ಶುರು ಮಾಡಿದಳು. ಮಂಜಿನ ಡಬ್ಬಿಯನ್ನು ಆಪರೇಷನ್ ಕೋಣೆಯ ಬಾಗಿಲಿಗೇ ಇರಿಸಿಕೊಂಡು ತಾನೇ ಕಾದು ನಿಲ್ಲುತ್ತಿದ್ದಳು. ಹೀಗೆ ಕೂಡಿಸಿದ ಚೂರುಗಳಲ್ಲಿ ಹಿಂದಿನ ವ್ಯತ್ಯಾಸಗಳು ಬಹುಮಟ್ಟಿಗೆ ಮಾಯವಾದವು. ಎರಡೋ ಮೂರೋ ಕೊಬ್ಬುಗಳು ಮಾತ್ರ ಹಾಗೆಯೇ ಉಳಿದವು. ಅವು ನಿಜವಾಗಿ ಏನಾದರೂ ಹೇಳುತ್ತವೆಯೋ ಇಲ್ಲವೋ ತಿಳಿಯಲು ಇನ್ನೂ ಬಹಳ ಜನರ ಚೂರು ಬೇಕು, ಬೇರೆ ಲ್ಯಾಬಿನವರೂ ನೋಡಬೇಕು. ಅವಳಿಗೆ ಡಾಕ್ಟರೇಟು ಬಂದದ್ದು ಜೊತೆಯವರಿಗಿಂತ ತಡವಾಗಿ. ಚೂರುಗಳನ್ನು ಸರಿಯಾಗಿ ಕಾಪಾಡದಿದ್ದರೆ ಹೇಗೆ ಮೋಸಹೋಗುತ್ತೇವೆ ಅನ್ನುವುದರ ಮೇಲೆ ಬರೆದ ಪ್ರಬಂಧವನ್ನು ಅವಳ ಕ್ಷೇತ್ರದ ಕೆಲವರು ಓದಿದರು, ಅಷ್ಟೇ. ಹೆಸರು ಗಿಸರು ಅಂತ ದೊಡ್ಡದೇನೂ ಆಗಲಿಲ್ಲ. ಈಗ ಅವಳು ಇನ್ನೊಂದು ಲ್ಯಾಬಿನಲ್ಲಿ ಅದೇ ಕೆಲಸ ಮುಂದುವರಿಸಿದ್ದಾಳೆ.

ಮೇಲಣ್ಣನ ಕರುಳಿನಲ್ಲಿ ಮತ್ತೆ ಮಚ್ಚೆ ಕಂಡಿಲ್ಲ. ಕೊಳವೆ ಪರೀಕ್ಷೆ ತಪ್ಪದೆ ನಡೆಯುತ್ತಿದೆ, ಪ್ರತಿ ಸಲವೂ ನೀಲಿ ಬಣ್ಣ ಚಿಮುಕಿಸುತ್ತಾರೆ. ಕೊನೆಯ ಸಲ ಹೋದಾಗ ಕಾಯುವ ಕೋಣೆಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಶಾಲೆಯಲ್ಲಿ ಟೀಚರ್ ಅಂತೆ. ಕೈಯಲ್ಲಿ ಸಂಶೋಧನೆಯವರು ಕೊಟ್ಟ ಒಪ್ಪಿಗೆಯ ಕಾಗದ, ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು.

“ನೀವು ಕೊಟ್ಟಿದ್ದೀರಾ ಅಣ್ಣ?” ಅಂತ ಕೇಳಿದಳು.

“ಕೊಡ್ತಾನೇ ಇದ್ದೀನಿ.”

“ನೋಯುತ್ತಾ?”

“ಇಲ್ಲಮ್ಮ. ಕರುಳಿನ ಗೋಡೆಗೆ ಚಿವುಟಿದರೆ ಗೊತ್ತಾಗಲ್ಲ.”

“ಕೊಟ್ಟರೆ ನಮಗೇನಾದರೂ ಉಪಯೋಗ ಇದೆಯಾ?”

ಮೇಲಣ್ಣನ ನಾಲಿಗೆ ತುದಿಗೆ ತನ್ನ ಕಥೆಯೆಲ್ಲ ಬಂತು. ಹೇಳಿದ್ದರೆ ಅವಳು ಆ ಕ್ಷಣವೇ ಸಹಿ ಹಾಕುತ್ತಿದ್ದಳು. ಆದರೆ ಎಷ್ಟು ಬಿಡಿಸಿ ಹೇಳಿದರೂ, ಚೂರು ಕೊಟ್ಟಿದ್ದಕ್ಕೆ ಈ ಮನುಷ್ಯ ಉಳಿದ ಅನ್ನುವುದೊಂದೇ ಅವಳ ತಲೆಯಲ್ಲಿ ಉಳಿಯುತ್ತಿತ್ತು. ಹಾಗೆ ಉಳಿಯುವುದು ಅವನಿಗೆ ಬೇಕಿರಲಿಲ್ಲ.

“ನಮಗೆ ಏನೂ ಇಲ್ಲ,” ಅಂದ. “ಮುಂದೆ ಬರೋರಿಗೆ ಇದ್ದರೂ ಇರಬಹುದು. ಅದೂ ಗ್ಯಾರಂಟಿ ಇಲ್ಲ.”

ಟೀಚರ್ ಕಾಗದವನ್ನು ಮತ್ತೊಮ್ಮೆ ಮೊದಲಿಂದ ಕೊನೆಯವರೆಗೂ ಓದಿದಳು. ಆಮೇಲೆ ಮೊಣಕಾಲಿನ ಮೇಲೆ ಇಟ್ಟುಕೊಂಡು, ಅಕ್ಷರ ಕೆಡದ ಹಾಗೆ, ನಿಧಾನವಾಗಿ ಸಹಿ ಹಾಕಿದಳು. ಒಳಗಿನಿಂದ ನರ್ಸು ಕೂಗಿದಳು. ಚೀಲ ಎಲ್ಲಿಡುವುದು ಅಂತ ಅವಳು ಅತ್ತಿತ್ತ ನೋಡಿದಾಗ ಮೇಲಣ್ಣ ಕೈ ಚಾಚಿದ.

“ಕೊಡಿ, ನಾನು ನೋಡ್ಕೋತೀನಿ. ನನ್ನ ಸರದಿ ಬರೋಕೆ ಇನ್ನೂ ಹೊತ್ತಿದೆ.”